ಪ್ರಾಸ್ಟೇಟ್ ಬಯಾಪ್ಸಿ: ಯಾವ ವಿಧಾನ ಒಳ್ಳೆಯದು?

ಪ್ರಶ್ನೆ: ನನ್ನ ತಂದೆಗೆ 67 ವರ್ಷ, ಬಹಳ ಕಾಲದಿಂದ ಸಕ್ಕರೆ ಕಾಯಿಲೆ ಇದೆ. ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುತ್ತಾರೆಂದು ತೋರಿಸಿದಾಗ, ಪ್ರಾಸ್ಟೇಟ್ ಗ್ರಂಥಿಗಾಗಿ ಮಾಡುವ ಪಿಎಸ್‌ಎ ರಕ್ತ ಪರೀಕ್ಷೆಯಲ್ಲಿ 8.4 ಬಂತು. ಮೂತ್ರದಲ್ಲಿ ಸೋಂಕಿಲ್ಲವೆಂದು ನೋಡಿಕೊಂಡು ಆರು ವಾರ ಬಿಟ್ಟು ಮತ್ತೆ ಮಾಡಿಸಿದರೂ 8.1 ಇದೆ. ನಮ್ಮೂರಿನ ವೈದ್ಯರು ಮಲದ್ವಾರದ ಮೂಲಕ 12 ಕಡೆ ಚುಚ್ಚಿ, ಅಂಗಾಂಶ ತೆಗೆದು ಬಯಾಪ್ಸಿ ಮಾಡೋಣ ಎನ್ನುತ್ತಾರೆ. ಬೆಂಗಳೂರಿನಲ್ಲಿ ವಿಚಾರಿಸಿದರೆ ಮೊದಲು ಎಂಆರ್‌ಐ, ಆಮೇಲೆ ಆ ಚಿತ್ರದ ನೆರವಿನಿಂದ ಫ್ಯೂಷನ್ ಬಯಾಪ್ಸಿ ಎನ್ನುತ್ತಾರೆ. ಅದಕ್ಕೆ ಖರ್ಚು ಹೆಚ್ಚು. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಎಂದು ನೆಂಟರು ಹೆದರಿಸುತ್ತಿದ್ದಾರೆ. ಏನು ಮಾಡಬೇಕು?
– ಹೆಸರು ಬೇಡ, ಅರಸೀಕೆರೆ

ಉತ್ತರ: ನೆಂಟರ ಭಯವನ್ನು ಮೊದಲು ಬದಿಗಿಡಿ. ಬಯಾಪ್ಸಿ ಸೂಜಿಯಿಂದ ಪ್ರಾಸ್ಟೇಟ್ ಕ್ಯಾನ್ಸರ್ ಹರಡಿದ ಉದಾಹರಣೆಗಳು ಅತ್ಯಂತ ವಿರಳ. ಆ ಭಯದಿಂದ ಪರೀಕ್ಷೆಯನ್ನೇ ಮುಂದೂಡುತ್ತಾ ಹೋಗುವುದರಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚಿನ ಅಪಾಯವಿದೆ.

ನಿಮಗೆ ಸಿಕ್ಕಿರುವ ಎರಡು ಸಲಹೆಗಳಲ್ಲಿ ಎರಡು ಬೇರೆ ಬೇರೆ ವಿಷಯಗಳು ಕಲೆತುಹೋಗಿವೆ. ಸೂಜಿ ಗ್ರಂಥಿಯ ಯಾವ ಭಾಗಕ್ಕೆ ಹೋಗಬೇಕು ಎಂಬುದು ಒಂದು, ಯಾವ ದಾರಿಯಿಂದ ಒಳಹೋಗಬೇಕು ಎಂಬುದು ಇನ್ನೊಂದು. ಮೊದಲನೆಯದನ್ನು ತೀರ್ಮಾನಿಸುವುದು ಎಂಆರ್‌ಐ. ಎರಡನೆಯದರ ಮೇಲೆ ಸೋಂಕಿನ ಅಪಾಯ ನಿಂತಿದೆ.

ಹಳೆಯ ಕ್ರಮದಲ್ಲಿ ಮಲದ್ವಾರದೊಳಗೆ ಬೆರಳು ಗಾತ್ರದ ಅಲ್ಟ್ರಾಸೌಂಡ್ ಸಲಕರಣೆಯನ್ನಿಟ್ಟು, ಗ್ರಂಥಿಯ ಎಡ ಬಲ ಭಾಗಗಳಿಂದ ತಲಾ ಆರರಂತೆ 12 ಎಳೆಗಳಷ್ಟು ಅಂಗಾಂಶ ತೆಗೆಯುತ್ತಾರೆ. ಅಲ್ಟ್ರಾಸೌಂಡಿನಲ್ಲಿ ಗ್ರಂಥಿಯ ಆಕಾರ ಕಾಣುತ್ತದೆಯೇ ಹೊರತು ಒಳಗಿನ ಗಡ್ಡೆ ಹಲವು ಸಲ ಕಾಣುವುದೇ ಇಲ್ಲ. ಹೀಗಾಗಿ ಸೂಜಿ ಗಡ್ಡೆಗೆ ತಗಲುವುದೂ ತಪ್ಪುವುದೂ ಬಹುಮಟ್ಟಿಗೆ ಅದೃಷ್ಟವನ್ನೇ ಅವಲಂಬಿಸಿರುತ್ತದೆ. ಬ್ರಿಟನ್ನಿನಲ್ಲಿ 576 ಪುರುಷರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ‘ಪ್ರಾಮಿಸ್’ ಅಧ್ಯಯನ ಇದನ್ನು ಅಳೆದು ತೋರಿಸಿತು. ಪ್ರತಿಯೊಬ್ಬರಿಗೂ ಎಂಆರ್‌ಐ ಮತ್ತು ಮಲದ್ವಾರದ ಬಯಾಪ್ಸಿ ಎರಡನ್ನೂ ಮಾಡಿ, ಅರಿವಳಿಕೆಯಲ್ಲಿ ಇಡೀ ಗ್ರಂಥಿಯನ್ನು ಅಂಗುಲ ಬಿಡದೆ ಜಾಲಾಡಿದ ಬಯಾಪ್ಸಿಯೊಂದಿಗೆ ಅವುಗಳನ್ನು ಹೋಲಿಸಿದಾಗ, ಚಿಕಿತ್ಸೆ ಬೇಕಾಗುವಂಥ ಕ್ಯಾನ್ಸರ್‌ಗಳಲ್ಲಿ ಶೇ 93ರಷ್ಟನ್ನು ಎಂಆರ್‌ಐ ಗುರುತಿಸಿತ್ತು. ಮಲದ್ವಾರದ ಬಯಾಪ್ಸಿ ಗುರುತಿಸಿದ್ದು ಶೇ 48ರಷ್ಟನ್ನು ಮಾತ್ರ.

ಮರುವರ್ಷ ಬಂದ, 500 ಪುರುಷರ ‘ಪ್ರಿಸಿಷನ್’ ಅಧ್ಯಯನ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಎಂಆರ್‌ಐಯಲ್ಲಿ ಅನುಮಾನದ ಜಾಗ ಕಂಡವರಿಗೆ ಮಾತ್ರ, ಆ ಜಾಗಕ್ಕೆ ಮಾತ್ರ ಸೂಜಿ ಹಾಕಿದ ಗುಂಪಿನಲ್ಲಿ ಗಂಭೀರ ಕ್ಯಾನ್ಸರ್ ಸಿಕ್ಕಿದ್ದು ಶೇ 38 ಮಂದಿಯಲ್ಲಿ, ಹಳೆಯ ಕ್ರಮದ ಗುಂಪಿನಲ್ಲಿ ಶೇ 26 ಮಂದಿಯಲ್ಲಿ. ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಮತ್ತೊಂದು ಅಂಕಿ. ಮನುಷ್ಯನಿಗೆ ಜೀವಮಾನದಲ್ಲಿ ತೊಂದರೆ ಕೊಡದೆ ಉಳಿದುಬಿಡಬಹುದಾದ ಸೌಮ್ಯ ಕ್ಯಾನ್ಸರ್ ಹಳೆಯ ಕ್ರಮದಲ್ಲಿ ಶೇ 22 ಮಂದಿಯಲ್ಲಿ ಪತ್ತೆಯಾದರೆ, ಎಂಆರ್‌ಐ ಗುಂಪಿನಲ್ಲಿ ಶೇ 9 ಮಂದಿಯಲ್ಲಿ ಮಾತ್ರ ಪತ್ತೆಯಾಯಿತು. ಪ್ರಾಸ್ಟೇಟಿನ ವಿಷಯದಲ್ಲಿ ಇದು ದೊಡ್ಡ ಲಾಭ. ಸೌಮ್ಯ ಕ್ಯಾನ್ಸರ್ ಎಂಬ ವರದಿ ಕೈಗೆ ಬಂದ ಮೇಲೆ ಮನೆಯವರು ಸುಮ್ಮನಿರಲಾರದೆ ಶಸ್ತ್ರಚಿಕಿತ್ಸೆಗೆ ಒತ್ತಾಯಿಸಿ, ರೋಗಿ ಮೂತ್ರದ ಹಿಡಿತವನ್ನೂ ಲೈಂಗಿಕ ಶಕ್ತಿಯನ್ನೂ ವಿನಾಕಾರಣ ಕಳೆದುಕೊಳ್ಳುವುದನ್ನು ವೈದ್ಯರು ಕಾಣುತ್ತಲೇ ಇರುತ್ತಾರೆ.

ಎಂಆರ್‌ಐ ವರದಿಯಲ್ಲಿ ಕ್ಯಾನ್ಸರಿನ ಅನುಮಾನ ಎಷ್ಟಿದೆ ಎಂದು ಹೇಳುವ, 1ರಿಂದ 5ರವರೆಗಿನ ಪಿರಾಡ್ಸ್ ಅಂಕ ಇರುತ್ತದೆ. 4 ಅಥವಾ 5 ಎಂದಿದ್ದರೆ ಬಯಾಪ್ಸಿ ಬೇಕೇ ಬೇಕು. 1 ಅಥವಾ 2 ಇದ್ದರೆ, ಪಿಎಸ್‌ಎ ಸಂಖ್ಯೆಯನ್ನು ಗ್ರಂಥಿಯ ಗಾತ್ರದಿಂದ ಭಾಗಿಸಿ ನೋಡುತ್ತಾರೆ. ನಿಮ್ಮ ತಂದೆಯ ಗ್ರಂಥಿ 80 ಎಂಎಲ್‌ನಷ್ಟು ಊದಿದ್ದರೆ ಆ ಲೆಕ್ಕ ಸುಮಾರು 0.10 ಬರುತ್ತದೆ, ಆಗ 8.1 ಎಂಬ ಪಿಎಸ್‌ಎಗೆ ಆ ಊತವೇ ಕಾರಣವಿರಬಹುದು. ಗ್ರಂಥಿ 40 ಎಂಎಲ್ ಮಾತ್ರ ಇದ್ದರೆ ಅದೇ ಲೆಕ್ಕ 0.20 ದಾಟುತ್ತದೆ, ಆಗ ಎಂಆರ್‌ಐ ಸ್ವಚ್ಛವಾಗಿದ್ದರೂ ನಾನು ಬಯಾಪ್ಸಿ ಬೇಡ ಎನ್ನಲಾರೆ. ಎಂಆರ್‌ಐ ಕೂಡ ಕೆಲವನ್ನು ಕಾಣದೆ ಬಿಡುತ್ತದೆ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು: ಎಂಆರ್‌ಐ ಬಯಾಪ್ಸಿಗೆ ಮೊದಲೇ ಆಗಬೇಕು. ಮೊದಲು ಚುಚ್ಚಿಬಿಟ್ಟರೆ ಗ್ರಂಥಿಯೊಳಗೆ ಒಸರಿದ ರಕ್ತ ವಾರಗಟ್ಟಲೆ ಚಿತ್ರವನ್ನು ಮಸುಕಾಗಿಸುತ್ತದೆ.

ಇನ್ನು ದಾರಿಯ ವಿಷಯ. ಮಲದ್ವಾರದ ಮೂಲಕ ಹೋಗುವ ಸೂಜಿ ಪ್ರತಿ ಚುಚ್ಚಿಗೂ ಕರುಳಿನ ಬ್ಯಾಕ್ಟೀರಿಯಾವನ್ನು ಗ್ರಂಥಿಯೊಳಕ್ಕೆ ಒಯ್ಯುತ್ತದೆ. ಸೋಂಕು ತಡೆಯಲು ಮುಂಚಿತವಾಗಿ ಕೊಡುವ ಸಿಪ್ರೊಫ್ಲಾಕ್ಸಸಿನ್ ಜಾತಿಯ ಮಾತ್ರೆಗಳಿಗೆ ನಮ್ಮ ದೇಶದ ಇ. ಕೋಲಿ ಬ್ಯಾಕ್ಟೀರಿಯಾಗಳು ಬಹಳಷ್ಟು ಬಗ್ಗದಾಗಿವೆ. ಸಕ್ಕರೆ ಕಾಯಿಲೆಯವರಲ್ಲಿ ನಂಜು ರಕ್ತಕ್ಕೇರುವ ಭಯವೂ ಹೆಚ್ಚು. ಟ್ರಾನ್ಸ್‌ಪೆರಿನಿಯಲ್ ವಿಧಾನದಲ್ಲಿ ವೃಷಣಚೀಲಕ್ಕೂ ಮಲದ್ವಾರಕ್ಕೂ ನಡುವಿನ ಚರ್ಮವನ್ನು ಔಷಧದಿಂದ ಶುಚಿಗೊಳಿಸಿ, ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಅಲ್ಲಿಂದ ಸೂಜಿ ಹಾಕುತ್ತಾರೆ. ಯುರೋಪಿನ ಮೂತ್ರರೋಗ ತಜ್ಞರ ಸಂಘ ಈ ದಾರಿಗೇ ಆದ್ಯತೆ ಕೊಡುವಂತೆ ಸಲಹೆ ಮಾಡಿದೆ. 2025ರಲ್ಲಿ ಪ್ರಕಟವಾದ, 1,126 ಪುರುಷರ ಬ್ರಿಟಿಷ್ ಅಧ್ಯಯನದಲ್ಲಿ ಗಂಭೀರ ಕ್ಯಾನ್ಸರ್ ಪತ್ತೆಯಾದದ್ದು ಈ ದಾರಿಯಲ್ಲಿ ಶೇ 60, ಮಲದ್ವಾರದ ದಾರಿಯಲ್ಲಿ ಶೇ 54. ಆದರೆ ಚರ್ಮದ ಮೂಲಕ ಮಾಡಿದಾಗ ನೋವು ತುಸು ಹೆಚ್ಚು ಎಂದು ರೋಗಿಗಳು ಹೇಳಿದ್ದಾರೆ. ಇದನ್ನು ತಂದೆಯವರಿಗೆ ಮೊದಲೇ ತಿಳಿಸಿ.

ಖರ್ಚಿನ ಬಗ್ಗೆ ನನ್ನ ಸಲಹೆ ಸ್ಪಷ್ಟವಾಗಿದೆ. ಹಣವನ್ನು ಎಂಆರ್‌ಐಗೆ ಖರ್ಚು ಮಾಡಿ. ಎಂಆರ್‌ಐ ಚಿತ್ರವನ್ನು ಅಲ್ಟ್ರಾಸೌಂಡಿನ ಮೇಲೆ ಕೂಡಿಸುವ ಫ್ಯೂಷನ್ ಯಂತ್ರ ಅನುಕೂಲಕರವೇನೋ ಹೌದು. ಆದರೆ ಎಂಆರ್‌ಐ ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು ಅನುಭವಿ ವೈದ್ಯರು ಕಣ್ಣಂದಾಜಿನಿಂದಲೇ ಸೂಜಿ ಹಾಕಿದರೂ ಫಲಿತಾಂಶದಲ್ಲಿ ದೊಡ್ಡ ಅಂತರ ಕಂಡುಬಂದಿಲ್ಲ. ಬಯಾಪ್ಸಿಗೆ ಹೋಗುವ ಮುನ್ನ, ತಂದೆಯವರು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ತಪ್ಪದೆ ಹೇಳಿ. ಅದನ್ನು ನೀವಾಗಿಯೇ ನಿಲ್ಲಿಸಬೇಡಿ. ಆಮೇಲೆ ಕೆಲವು ದಿನ ಮೂತ್ರದಲ್ಲಿ, ಕೆಲವು ವಾರ ವೀರ್ಯದಲ್ಲಿ ರಕ್ತದ ಬಣ್ಣ ಕಾಣಿಸುವುದು ಸಹಜ. ಚಳಿ ನಡುಕದ ಜ್ವರ ಬಂದರೆ ಅಥವಾ ಮೂತ್ರ ಕಟ್ಟಿದರೆ ಮಾತ್ರ ಬೆಳಗಾಗುವವರೆಗೂ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಪ್ರಶ್ನೆ: ಎರಡು ವರ್ಷದ ಹಿಂದೆ ಎಂಆರ್‌ಐ ಇಲ್ಲದೆ ಮಲದ್ವಾರದ ಮೂಲಕ ಬಯಾಪ್ಸಿ ಆಗಿ, ಕ್ಯಾನ್ಸರ್ ಇಲ್ಲ ಎಂದು ಬಂದಿತ್ತು. ಈಗ ಪಿಎಸ್‌ಎ 6ರಿಂದ 11ಕ್ಕೆ ಏರಿದೆ. ಮತ್ತೆ ಚುಚ್ಚಿಸಿಕೊಳ್ಳಬೇಕೆ?
– ಓದುಗರು, ಶಿರಸಿ

ಉತ್ತರ: ಹಳೆಯ ವರದಿಯನ್ನು ನಂಬಿ ಕೂರಬೇಡಿ. ಮಲದ್ವಾರದ ಕಡೆಯಿಂದ ಹೋದ ಸೂಜಿಗೆ ಗ್ರಂಥಿಯ ಹಿಂಭಾಗ ಸುಲಭವಾಗಿ ಸಿಗುತ್ತದೆ. ಮುಂಭಾಗದಲ್ಲಿ ಅಡಗಿದ ಗಡ್ಡೆ ತಪ್ಪಿಹೋಗುವುದು ಹೀಗೆಯೇ. ಮೊದಲು ಮೂತ್ರದ ಸೋಂಕು ಇದೆಯೇ ನೋಡಿಸಿ, ನಂತರ ಎಂಆರ್‌ಐ ಮಾಡಿಸಿ. ಅದರಲ್ಲಿ ಅನುಮಾನದ ಜಾಗ ಕಂಡರೆ ಟ್ರಾನ್ಸ್‌ಪೆರಿನಿಯಲ್ ವಿಧಾನದಲ್ಲಿ ಅಲ್ಲಿಗೇ ಸೂಜಿ ಹಾಕಿಸಿಕೊಳ್ಳಿ. ಮುಂಭಾಗ ತಲುಪಲು ಆ ದಾರಿ ಹೆಚ್ಚು ನೇರ. ಮೂತ್ರ ಸರಾಗವಾಗಲೆಂದು ಫಿನಾಸ್ಟರೈಡ್ ಅಥವಾ ಡ್ಯುಟಾಸ್ಟರೈಡ್ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗುತ್ತಿದ್ದರೆ ಅದನ್ನು ವೈದ್ಯರಿಗೆ ಹೇಳಲು ಮರೆಯಬೇಡಿ. ಆ ಮಾತ್ರೆಗಳು ಪಿಎಸ್‌ಎಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತವೆ, ಹಾಗಾಗಿ ನಿಮ್ಮ 11ನ್ನು 22 ಎಂದೇ ಓದಬೇಕಾಗಬಹುದು.