ಪರಮಾಣುಗಳ ಚಲನೆ ನೋಡೋಕೆ ಎಕ್ಸ್-ರೇ ಬಿಟ್ಟು ನ್ಯೂಟ್ರಾನೇ ಯಾಕೆ?
ಎಕ್ಸ್-ರೇ ಲ್ಯಾಬಲ್ಲೇ ಸಿಗುವಾಗ ನ್ಯೂಟ್ರಾನ್‌ಗೋಸ್ಕರ ರಿಯಾಕ್ಟರ್‌ವರೆಗೂ ಯಾಕೆ ಹೋಗ್ತಾರೆ, ಅದ್ರಲ್ಲಿ ಚಲನೆ ಹೆಂಗೆ ಗೊತ್ತಾಗುತ್ತೆ ಅಂತ ಕೇಳಿದ್ದೀರಾ. ನಾನು ಪಾಲಿಮರ್‌ಗಳ ಮೇಲೆ ಇದೇ ಕೆಲಸ ಮಾಡೋದು. ನ್ಯೂಟ್ರಾನ್‌ಗೆ ಚಾರ್ಜ್ ಇಲ್ಲ, ಆಳಕ್ಕೆ ನುಗ್ಗುತ್ತೆ ಅಂತ ಎಲ್ಲ ಕಡೆ ಬರ್ದಿರ್ತಾರೆ, ಸರಿನೇ, ಆದ್ರೆ ಚಲನೆ ವಿಷ್ಯಕ್ಕೆ ಅಸಲಿ ಕಾರಣ ಎನರ್ಜಿ. 1.8 ಆಂಗ್‌ಸ್ಟ್ರಾಂ ತರಂಗಾಂತರದ ನ್ಯೂಟ್ರಾನ್ ಸೆಕೆಂಡಿಗೆ 2200 ಮೀಟರ್ ಓಡುತ್ತೆ, ಎನರ್ಜಿ ಬರೀ 25 ಮಿಲಿ ಎಲೆಕ್ಟ್ರಾನ್ ವೋಲ್ಟ್, ಘನವಸ್ತುಗಳಲ್ಲಿ ಪರಮಾಣುಗಳ ಕಂಪನದ್ದೂ ಹೆಚ್ಚುಕಮ್ಮಿ ಇದೇ ಲೆಕ್ಕ, ಹಾಗಾಗಿ ಡಿಕ್ಕಿ ಆದ್ಮೇಲೆ ಅದರ ಸ್ಪೀಡ್ ಎದ್ದು ಕಾಣೋಷ್ಟು ಬದಲಾಗುತ್ತೆ. ಅದೇ ತರಂಗಾಂತರದ ಎಕ್ಸ್-ರೇಗೆ ಹತ್ತಿರಹತ್ತಿರ 7 ಸಾವಿರ ಎಲೆಕ್ಟ್ರಾನ್ ವೋಲ್ಟ್, ಅದ್ರಲ್ಲಿ ಈ ವ್ಯತ್ಯಾಸ ಹುಡುಕೋದು ಲೋಡ್ ಲಾರಿ ಸಮೇತ ನಿಂಬೆಹಣ್ಣು ತೂಗಿದಂಗೆ. (ತುಂಬಾ ಪ್ರಖರ ಎಕ್ಸ್-ರೇ ಕೊಡೋ ಸಿಂಕ್ರೊಟ್ರಾನ್ ಅನ್ನೋ ದೊಡ್ಡ ಯಂತ್ರಗಳಲ್ಲಿ ಅದನ್ನೂ ಮಾಡ್ತಾರೆ ಬಿಡಿ.) ಕೆನಡಾದ ಚಾಕ್ ರಿವರ್ ರಿಯಾಕ್ಟರ್ ಕೇಂದ್ರದಲ್ಲಿ ವಿಜ್ಞಾನಿ ಬ್ರಾಕ್‌ಹೌಸ್ 1950ರ ದಶಕದಲ್ಲಿ ಈ ಕಂಪನಗಳನ್ನ ಅಳೆದಿದ್ದು, ನೊಬೆಲ್ ಬಂದಿದ್ದು ಮಾತ್ರ 1994ರಲ್ಲಿ, ಇನ್ನೊಬ್ಬ ನ್ಯೂಟ್ರಾನ್ ವಿಜ್ಞಾನಿ ಶಲ್ ಜೊತೆ.

ನಂಗೆ ಮಜಾ ಅನ್ಸೋದು ಕಂಪನ ಅಲ್ಲ, ಅಲೆದಾಟ. ಅಣುಗಳು ಗೊತ್ತುಗುರಿ ಇಲ್ದೆ ಸರಿದಾಡ್ತಿದ್ರೆ ಎಷ್ಟು ನ್ಯೂಟ್ರಾನ್‌ಗಳ ಎನರ್ಜಿ ಎಷ್ಟೆಷ್ಟು ಬದಲಾಯ್ತು ಅಂತ ತೋರ್ಸೋ ಗ್ರಾಫಲ್ಲಿ ಸೊನ್ನೆ ಬದಲಾವಣೆ ಹತ್ರ ಇರೋ ಚೂಪು ಪೀಕ್‌ನ ಬುಡ ಅಗಲ ಆಗುತ್ತೆ, ಬೇಗ ಓಡಾಡಿದಷ್ಟೂ ಜಾಸ್ತಿ ಅಗಲ. ಅಷ್ಟೇ ಅಲ್ಲ, ಚದುರಿದ ಕೋನ ಜಾಸ್ತಿ ಆಗ್ತಾ ಹೋದಂಗೆ ಆ ಅಗಲಾನೂ ಏರ್ತಾನೇ ಇದ್ರೆ ಸಾಮಾನ್ಯ ಡಿಫ್ಯೂಷನ್, ಏರಿ ಒಂದು ಮಟ್ಟಕ್ಕೆ ನಿಂತ್ರೆ ಅಣು ಒಂದು ಜಾಗದಲ್ಲಿ ಸ್ವಲ್ಪ ಹೊತ್ತು ಕೂತು ಆಮೇಲೆ ಇನ್ನೊಂದಕ್ಕೆ ಹಾರ್ತಿದೆ ಅಂತ, ಮೊದ್ಲಿಂದ ಏನೂ ಬದಲಾಗ್ದಿದ್ರೆ ಬಹುಶಃ ಇದ್ದಲ್ಲೇ ತಿರುಗ್ತಿದೆ, ಮೀಥೈಲ್ ಗುಂಪು (ಒಂದು ಕಾರ್ಬನ್‌ಗೆ ಅಂಟಿದ ಮೂರು ಹೈಡ್ರೋಜನ್) ತಿರುಗುತ್ತಲ್ಲ ಹಂಗೆ.

ಈ ಸಿಗ್ನಲ್ ಬಹುಪಾಲು ಹೈಡ್ರೋಜನ್‌ದು. ಅದರ ಇನ್‌ಕೊಹೆರೆಂಟ್ ಚದುರಿಕೆ, ಅಂದ್ರೆ ಒಂದೊಂದು ಪರಮಾಣುವಿಂದ ಬಿಡಿಬಿಡಿಯಾಗಿ ಬರೋ ಭಾಗ, ಸುಮಾರು 80 ಬಾರ್ನ್ (ಪರಮಾಣು ನ್ಯೂಟ್ರಾನ್‌ಗೆ ಎಷ್ಟು ದೊಡ್ಡ ಗುರಿ ಅಂತ ಅಳೆಯೋ ಯೂನಿಟ್), ಭಾರದ ಹೈಡ್ರೋಜನ್ ಆದ ಡ್ಯೂಟೀರಿಯಂದು 2 ಬಾರ್ನ್ ಆಸುಪಾಸು. ಹಾಗಾಗಿ ನೀರು ಹೀರಿದ ಪಾಲಿಮರಲ್ಲಿ ನೀರಿನ ಬದಲು ಭಾರಜಲ (ಡ್ಯೂಟೀರಿಯಂ ಇರೋ ನೀರು) ಹಾಕಿದ್ರೆ ನೀರಿನ ಸದ್ದು ಅಡಗಿ ಪಾಲಿಮರ್ ಚಲನೆ ಮಾತ್ರ ಉಳ್ಕೊಳ್ಳುತ್ತೆ, ಬೇರೆ ಯಾವ ವಿಧಾನದಲ್ಲೂ ಇಷ್ಟು ಸಲೀಸಾಗಿ ಮಾಡೋಕಾಗಲ್ಲ ಅನ್ನೋದು ನನ್ನ ಅಭಿಪ್ರಾಯ.

ಒಂದು ಎಚ್ಚರಿಕೆ, ಪೀಕ್ ಅಗಲ ಆಗ್ಲಿಲ್ಲ ಅಂದ ಮಾತ್ರಕ್ಕೆ ಅಣು ಅಲ್ಲಾಡ್ತಿಲ್ಲ ಅಂತಲ್ಲ, ಆ ಇನ್‌ಸ್ಟ್ರುಮೆಂಟ್ ಹಿಡಿಯೋದಕ್ಕಿಂತ ನಿಧಾನ ಇರ್ಬಹುದು. ಒಂದೊಂದು ವೇಗಕ್ಕೆ ಒಂದೊಂದು ಥರದ ಇನ್‌ಸ್ಟ್ರುಮೆಂಟ್ ಇದೆ: ಟೈಮ್-ಆಫ್-ಫ್ಲೈಟ್ ಪಿಕೋಸೆಕೆಂಡ್‌ಗಳಲ್ಲಿ ಆಗೋ ಚಲನೆಗೆ, ಬ್ಯಾಕ್‌ಸ್ಕ್ಯಾಟರಿಂಗ್ ಅದಕ್ಕಿಂತ ನಿಧಾನವಾದ ನ್ಯಾನೋಸೆಕೆಂಡ್‌ಗೆ, ಅದಕ್ಕೂ ನಿಧಾನ ಅಂದ್ರೆ ವಿಜ್ಞಾನಿ ಮೆಜೆಯಿ 1972ರಲ್ಲಿ ಕಂಡುಹಿಡಿದ ಸ್ಪಿನ್ ಎಕೋ. ಇನ್‌ಸ್ಟ್ರುಮೆಂಟ್‌ದೇ ಸ್ವಂತ ಅಗಲ ಎಷ್ಟು ಅಂತ ತಿಳಿಯೋಕೆ ಅದೇ ಸ್ಯಾಂಪಲ್‌ನ ಎಲ್ಲಾ ಚಲನೆ ಹೆಪ್ಪುಗಟ್ಟೋಷ್ಟು ತಣ್ಣಗೆ ಮಾಡಿ ಒಂದ್ಸಲ ಅಳೀತೀವಿ, ಇಲ್ಲಾಂದ್ರೆ ನ್ಯೂಟ್ರಾನ್‌ನ ಎನರ್ಜಿ ಬಹುತೇಕ ಬದಲಿಸ್ದೆ ಚದುರಿಸೋ ವನೇಡಿಯಂ ಲೋಹ ಇಡ್ತೀವಿ. ಸ್ಯಾಂಪಲ್ ತೆಳ್ಳಗಿರ್ಲಿ, ಬಂದ ನ್ಯೂಟ್ರಾನ್‌ಗಳಲ್ಲಿ 10% ಚದುರಿದ್ರೆ ಸಾಕು, ದಪ್ಪ ಆದ್ರೆ ಒಂದೇ ನ್ಯೂಟ್ರಾನ್ ಒಳಗೇ ಎರಡ್ಮೂರು ಸಲ ಡಿಕ್ಕಿ ಹೊಡ್ದು ಲೆಕ್ಕ ಎಲ್ಲ ಕೆಡುತ್ತೆ.