ಸಿಂಹಗಡದ ಹೆಸರು: ಕರಪತ್ರದಲ್ಲಿ ಏನು ಬರೆಯಬೇಕು?

ಜನಪ್ರಿಯ ಕಥೆಯೂ ಹಳೆಯ ಪತ್ರಗಳೂ ಬೇರೆ ಬೇರೆ ಮಾತು ಹೇಳುವುದರಿಂದಲೇ, ನಿಮ್ಮ ಪುಣೆ ಕನ್ನಡ ಬಳಗದ ಚಾರಣದ ಕರಪತ್ರದಲ್ಲಿ ಪುಣೆಯ ಬಳಿಯ ಸಿಂಹಗಡ ಕೋಟೆಯ ಹೆಸರಿನ ಕುರಿತು ಗೊಂದಲ ಉಂಟಾಗಿರಬೇಕು. ಮೊದಲು ಕೋಟೆಯ ಹಳೆಯ ಹೆಸರು ಕೊಂಢಾಣಾ ಎಂದೂ ಶಿವಾಜಿ ಮೊಗಲರೊಡನೆ ಮಾಡಿಕೊಂಡ 1665ರ ಪುರಂದರ ಒಪ್ಪಂದದಿಂದ ಅದು ಅವರ ವಶವಾಯಿತೆಂದೂ ಬರೆಯಿರಿ. ಅನಂತರ, 1670ರ ಫೆಬ್ರುವರಿಯ ಒಂದು ರಾತ್ರಿ ಶಿವಾಜಿಯ ಸೇನಾನಿ ತಾನಾಜಿ ಮಾಲುಸರೆ ಕಡಿದಾದ ಬಂಡೆಯನ್ನೇರಿ, ಮೊಗಲರ ಕಡೆಯ ಕೋಟೆಯ ಅಧಿಕಾರಿ ಉದಯಭಾನು ರಾಠೋಡನೊಡನೆ ಹೋರಾಡಿ ಮಡಿದರೆಂದೂ, ಕೋಟೆ ದಕ್ಕಿದರೂ ಸಿಂಹವೇ ಹೋಯಿತೆಂದು ಶಿವಾಜಿ ಮರುಗಿದ್ದರಿಂದ ಈ ಹೆಸರು ಬಂದಿತೆಂಬುದು ಜನರ ನಂಬಿಕೆಯೆಂದೂ ಸೇರಿಸಿ. ಆದರೆ ಈ ಕದನಕ್ಕಿಂತ ಹಿಂದಿನ ಪತ್ರಗಳಲ್ಲೇ ‘ಸಿಂಹಗಡ’ ಎಂಬ ಹೆಸರು ಕಾಣುವುದರಿಂದ, ನಂಬಿಕೆಯನ್ನು ನಂಬಿಕೆಯೆಂದೇ ಬರೆಯುವುದು ಲೇಸು. ಉಡಕ್ಕೆ ಹಗ್ಗ ಕಟ್ಟಿ ಬಂಡೆ ಹತ್ತಿದ ಪ್ರಸಂಗವನ್ನು (ನನಗಂತೂ ಅದು ಲಾವಣಿಕಾರರ ಕಲ್ಪನೆಯೆನಿಸುತ್ತದೆ) ಕೈಬಿಟ್ಟು, ಆ ಜಾಗದಲ್ಲಿ ಕೋಟೆಯ ಬಾಗಿಲಾದ ಕಲ್ಯಾಣ ದರವಾಜೆ ಮತ್ತು ತಾನಾಜಿಯ ಸಮಾಧಿಯ ಉಲ್ಲೇಖ ಕೊಡಿ.