ಲೀಗ್‌ನಲ್ಲಿ ಮೊದಲು ಬಂದವರೂ ಮತ್ತೆ ಗೆಲ್ಲಬೇಕೇಕೆ?

ಪ್ರಶ್ನೆ: ಮಗಳ ಮನೆಗೆಂದು ಅಮೆರಿಕದ ಬಾಲ್ಟಿಮೋರ್‌ಗೆ ಬಂದಿದ್ದೇನೆ. ಫೆಬ್ರವರಿ ಕೊನೆಯಲ್ಲಿ ಸಿಐಎಎ ಎಂಬ ಕಾಲೇಜು ಬ್ಯಾಸ್ಕೆಟ್‌ಬಾಲ್ ಟೂರ್ನಿಗೆ ಊರಿಗೆ ಊರೇ ಸಿಂಗರಿಸಿಕೊಂಡಿತ್ತು. ಆಡುವುದು ಡಿವಿಷನ್ ಎರಡರ, ಅಂದರೆ ಎರಡನೇ ಹಂತದ, ಸಣ್ಣ ಕಾಲೇಜುಗಳಂತೆ. ಲೀಗ್ ಮುಗಿದು ಯಾರು ಮೇಲೆ, ಯಾರು ಕೆಳಗೆ ಎಂದು ಗೊತ್ತಾದ ಮೇಲೂ ಮತ್ತೊಂದು ಟೂರ್ನಿ ಯಾಕೆ? ಸಣ್ಣ ಕಾಲೇಜುಗಳ ಆಟಕ್ಕೆ ಇಷ್ಟು ಜನ ಸೇರುವುದು ಹೇಗೆ?
– ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕರು, ಶಿವಮೊಗ್ಗ

ಉತ್ತರ: ನೀವು ಕೇಳಿದ ಎರಡೂ ಪ್ರಶ್ನೆಗಳ ಬೇರು ಒಂದೇ ಕಡೆ ಇದೆ. ಸಿಐಎಎ ಹುಟ್ಟಿದ್ದು 1912ರಲ್ಲಿ, ವರ್ಜೀನಿಯಾದ ಹ್ಯಾಂಪ್ಟನ್ ಇನ್‌ಸ್ಟಿಟ್ಯೂಟ್‌ನಲ್ಲಿ. ಹ್ಯಾಂಪ್ಟನ್, ಹೋವರ್ಡ್, ಲಿಂಕನ್, ಶಾ, ವರ್ಜೀನಿಯಾ ಯೂನಿಯನ್ ಎಂಬ ಐದು ಕಪ್ಪುವರ್ಣೀಯರ ಕಾಲೇಜುಗಳು ಸೇರಿ ಕಟ್ಟಿದ ಒಕ್ಕೂಟವದು. ದಕ್ಷಿಣದ ರಾಜ್ಯಗಳಲ್ಲಿ ಬಿಳಿಯರ ಕಾಲೇಜುಗಳು ಇವರನ್ನು ಸೇರಿಸಿಕೊಳ್ಳುತ್ತಿರಲಿಲ್ಲ, ಇವರ ಜೊತೆ ಆಡುತ್ತಲೂ ಇರಲಿಲ್ಲ. ಪೂರ್ತಿ ಹೆಸರು ಸೆಂಟ್ರಲ್ ಇಂಟರ್‌ಕಾಲೇಜಿಯೇಟ್ ಅಥ್ಲೆಟಿಕ್ ಅಸೋಸಿಯೇಷನ್. ಮೊದಲು ಹೆಸರಿನಲ್ಲಿದ್ದ ‘ಕಲರ್ಡ್’ 1950ರಲ್ಲಿ ‘ಸೆಂಟ್ರಲ್’ ಆಯಿತು.

ಲೀಗ್ ಅಂದರೆ ಎಲ್ಲರೂ ಎಲ್ಲರೊಡನೆ ಆಡುವುದು ಎಂದು ನಾವು ತಿಳಿದಿರುತ್ತೇವೆ. ಪೆನ್ಸಿಲ್ವೇನಿಯಾದಿಂದ ನಾರ್ತ್ ಕ್ಯಾರೊಲೈನಾದವರೆಗೆ ಚದುರಿದ್ದ ಈ ಕಾಲೇಜುಗಳಿಗೆ ಅದು ಆಗುವ ಮಾತಾಗಿರಲಿಲ್ಲ. ಒಬ್ಬರು ಬಲವಾದ ತಂಡಗಳನ್ನು ಎದುರಿಸಿದ್ದರೆ ಇನ್ನೊಬ್ಬರು ದುರ್ಬಲರನ್ನೇ ಸೋಲಿಸಿ ಮೇಲೆ ಬಂದಿರುತ್ತಿದ್ದರು. ಈ ಏರುಪೇರು ಸರಿದೂಗಿಸಲು ಡಿಕಿನ್ಸನ್ ಪದ್ಧತಿ ಎಂಬ ಲೆಕ್ಕಾಚಾರವಿತ್ತು. ಬಲಶಾಲಿಯ ಮೇಲೆ ಗೆದ್ದರೆ ಹೆಚ್ಚು ಅಂಕ, ದುರ್ಬಲರ ಮೇಲೆ ಗೆದ್ದರೆ ಕಡಿಮೆ. ಕೊನೆಗೆ ಸರಾಸರಿ ತೆಗೆದು ಚಾಂಪಿಯನ್ ಯಾರೆಂದು ಹೇಳುತ್ತಿದ್ದರು. ಒಬ್ಬರಿಗೊಬ್ಬರು ಎದುರಾಗದೆಯೇ ಒಬ್ಬರು ಚಾಂಪಿಯನ್ ಆಗಿಬಿಡಬಹುದಿತ್ತು. ಶಿಷ್ಯರನ್ನು ಅಂಕಣಕ್ಕಿಳಿಸಿದ ಯಾವ ಮೇಷ್ಟ್ರು ಇದನ್ನು ಒಪ್ಪಿಯಾರು?

ಒಪ್ಪದವರಲ್ಲಿ ಮುಖ್ಯರು ನಾರ್ತ್ ಕ್ಯಾರೊಲೈನಾ ಕಾಲೇಜಿನ ಕೋಚ್ ಜಾನ್ ಮೆಕ್ಲೆಂಡನ್. ಇವರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಯಾಕೆಂದರೆ ಬ್ಯಾಸ್ಕೆಟ್‌ಬಾಲ್ ಕಲಿಸುವವರೆಲ್ಲ ತಿಳಿದಿರಬೇಕಾದ ಹೆಸರಿದು. 1891ರಲ್ಲಿ ಈ ಆಟವನ್ನು ಕಂಡುಹಿಡಿದ ಜೇಮ್ಸ್ ನೈಸ್ಮಿತ್ ಅವರ ಬಳಿಯೇ ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿ ಕಲಿತವರು. ಆದರೆ ಅಲ್ಲಿನ ತಂಡದಲ್ಲಿ ಕಪ್ಪುವರ್ಣೀಯರಿಗೆ ಜಾಗವಿರಲಿಲ್ಲ. ಆಟ ಹುಟ್ಟಿಸಿದ ಗುರುವಿನ ಶಿಷ್ಯ ತನ್ನದೇ ವಿಶ್ವವಿದ್ಯಾಲಯಕ್ಕೆ ಆಡುವಂತಿರಲಿಲ್ಲ! ಚೆಂಡು ಕೈಗೆ ಬಂದೊಡನೆ ಎದುರಾಳಿ ಸಾವರಿಸಿಕೊಳ್ಳುವ ಮೊದಲೇ ಮುನ್ನುಗ್ಗುವ ಫಾಸ್ಟ್ ಬ್ರೇಕ್ ಅನ್ನು ಪಳಗಿಸಿ ಬೆಳೆಸಿದವರಲ್ಲಿ ಅವರು ಅಗ್ರಗಣ್ಯರು. 1944ರ ಮಾರ್ಚ್ 12ರ ಭಾನುವಾರ ಬೆಳಿಗ್ಗೆ, ಬಾಗಿಲಿಗೆ ಬೀಗ ಹಾಕಿ, ಪ್ರೇಕ್ಷಕರನ್ನು ಹೊರಗಿಟ್ಟು, ಅವರ ಹುಡುಗರು ಡ್ಯೂಕ್ ವೈದ್ಯಕೀಯ ಶಾಲೆಯ ಬಿಳಿಯರ ತಂಡವನ್ನು 88–44ರಿಂದ ಸೋಲಿಸಿದರು. ಆಮೇಲೆ ಎರಡೂ ಕಡೆಯವರು ಬೆರೆತು ಇನ್ನೊಂದು ಆಟ ಆಡಿದರು. ಆ ದಿನಗಳಲ್ಲಿ ಅದು ಕಾನೂನಿಗೆ ವಿರುದ್ಧ. ಹಾಗಾಗಿ ಸುದ್ದಿ ಹೊರಬೀಳಲು ಅರ್ಧ ಶತಮಾನವೇ ಹಿಡಿಯಿತು.

ಆಗ ದೇಶ ಮಟ್ಟದ ಯಾವ ಟೂರ್ನಿಯೂ ಈ ಕಾಲೇಜುಗಳನ್ನು ಕರೆಯುತ್ತಿರಲಿಲ್ಲ. ಮೆಕ್ಲೆಂಡನ್ ಮತ್ತು ಇತರ ಕೆಲವು ಕೋಚ್‌ಗಳು ಸೇರಿ ತಾವೇ ಒಂದನ್ನು ಹೂಡಿದರು. 1946ರಲ್ಲಿ ವಾಷಿಂಗ್ಟನ್‌ನ ಟರ್ನರ್ಸ್ ಅರೀನಾದಲ್ಲಿ ಮೊದಲ ಟೂರ್ನಿ ನಡೆಯಿತು. ದೇಶದ ರಾಜಧಾನಿಯೇ ಆದರೂ ದೊಡ್ಡ ಹೋಟೆಲುಗಳಲ್ಲಿ ಆಟಗಾರರಿಗೆ ಕೋಣೆ ಸಿಗದ ಕಾಲ. ಫೈನಲ್‌ನಲ್ಲಿ ನಾರ್ತ್ ಕ್ಯಾರೊಲೈನಾ ಕಾಲೇಜು ಮತ್ತು ವರ್ಜೀನಿಯಾ ಯೂನಿಯನ್ ಸಮಬಲದಲ್ಲಿ ನಿಂತವು. ಹೆಚ್ಚುವರಿ ಅವಧಿ ಒಂದಾಯಿತು, ಎರಡಾಯಿತು. ಮೂರನೆಯದರಲ್ಲಿ ಮೆಕ್ಲೆಂಡನ್ ತಂಡ 64–56ರಿಂದ ಗೆದ್ದಿತು. ಕಾಗದದ ಮೇಲಿನ ಸರಾಸರಿಗೆ ಇದಕ್ಕಿಂತ ಒಳ್ಳೆಯ ಜವಾಬು ಬೇಕಿರಲಿಲ್ಲ.

ಜನ ಹೆಚ್ಚಿದಂತೆ ಟೂರ್ನಿ ಊರು ಬದಲಿಸುತ್ತ ಹೋಯಿತು: 1953ರಿಂದ ಡರ್ಹಮ್, 1960ರಿಂದ ಗ್ರೀನ್ಸ್‌ಬರೊ. ಅದೇ 1960ರ ಫೆಬ್ರವರಿ 1ರಂದು ಗ್ರೀನ್ಸ್‌ಬರೊದಲ್ಲೇ, ಸಿಐಎಎಯ ಸದಸ್ಯ ಕಾಲೇಜಾಗಿದ್ದ ಎ ಆ್ಯಂಡ್ ಟಿಯ ನಾಲ್ವರು ವಿದ್ಯಾರ್ಥಿಗಳು ಬಿಳಿಯರಿಗೆ ಮೀಸಲಾದ ಊಟದ ಕೌಂಟರಿನಲ್ಲಿ ಕುಳಿತು ಸತ್ಯಾಗ್ರಹ ಶುರುಮಾಡಿದರು. ಟೂರ್ನಿಗೆ ಬರುತ್ತಿದ್ದವರ ನಡುವೆ ಆ ವರ್ಷ ಏನೇನು ಮಾತು ನಡೆದಿರಬಹುದೆಂದು ನೀವೇ ಊಹಿಸಿ.

ಇನ್ನು ‘ಸಣ್ಣ ಕಾಲೇಜು’ ಎಂಬ ಮಾತು. ಆಟದ ಗುಣಮಟ್ಟದಲ್ಲಿ ಇವು ಸಣ್ಣವಾಗಿರಲೇ ಇಲ್ಲ. ಸಣ್ಣವೆಂದು ಬದಿಗಿಟ್ಟಿದ್ದರು ಅಷ್ಟೆ. ಬಾಸ್ಟನ್ ಸೆಲ್ಟಿಕ್ಸ್ ಜೊತೆ ವೃತ್ತಿಪರ ಲೀಗ್ ಆದ ಎನ್‌ಬಿಎಯಲ್ಲಿ ಹತ್ತು ಪ್ರಶಸ್ತಿ ಗೆದ್ದ ಸ್ಯಾಮ್ ಜೋನ್ಸ್ ನಾರ್ತ್ ಕ್ಯಾರೊಲೈನಾ ಕಾಲೇಜಿನವರು. ವಿನ್‌ಸ್ಟನ್–ಸೇಲಂ ಕಾಲೇಜಿನಲ್ಲಿ ಕೋಚ್ ಕ್ಲಾರೆನ್ಸ್ ಗೇನ್ಸ್ ಗರಡಿಯಲ್ಲಿ ಬೆಳೆದ ಅರ್ಲ್ ಮನ್ರೋ 1966–67ರಲ್ಲಿ ಪಂದ್ಯಕ್ಕೆ ಸರಾಸರಿ 41.5 ಅಂಕ ಗಳಿಸಿದರು. ಆ ತಂಡ 31 ಗೆದ್ದು ಒಂದೇ ಒಂದು ಸೋತಿತು. ಅಮೆರಿಕದ ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆಯಾದ ಎನ್‌ಸಿಎಎಯ ಕಾಲೇಜು ಡಿವಿಷನ್ (ಸಣ್ಣ ಕಾಲೇಜುಗಳ ವಿಭಾಗ) ಪ್ರಶಸ್ತಿ ಗೆದ್ದ ಮೊದಲ ಕಪ್ಪುವರ್ಣೀಯರ ಕಾಲೇಜಾಯಿತು.

ನನಗೆ ಅತ್ಯಂತ ಕಷ್ಟವೆನಿಸುವ ತಿರುವು ಇಲ್ಲಿಂದ ಮುಂದಿನದು. ಬಿಳಿಯರ ದೊಡ್ಡ ವಿಶ್ವವಿದ್ಯಾಲಯಗಳು ಬಾಗಿಲು ತೆರೆದವು, ತೆರೆಯಲೇಬೇಕಿತ್ತು. ಆದರೆ ಮನ್ರೋನಂಥ ಹುಡುಗರು ಆ ಬಾಗಿಲಿನಿಂದಲೇ ಅತ್ತ ಹೋದರು. 1970ರ ಹೊತ್ತಿಗೆ ಹೋವರ್ಡ್, ಮಾರ್ಗನ್ ಸ್ಟೇಟ್, ಎ ಆ್ಯಂಡ್ ಟಿ, ನಾರ್ತ್ ಕ್ಯಾರೊಲೈನಾ ಸೆಂಟ್ರಲ್ (ಮೆಕ್ಲೆಂಡನ್ನರ ಕಾಲೇಜಿನ ಈಗಿನ ಹೆಸರು) ಬೇರೆ ಒಕ್ಕೂಟ ಕಟ್ಟಿಕೊಳ್ಳಲು ಹೊರಟವು. ಟೂರ್ನಿ ಅಲ್ಲಿಗೇ ಮುಗಿಯಬಹುದಿತ್ತು. ಮುಗಿಯಲಿಲ್ಲ, ಯಾಕೆಂದರೆ ಜನ ಬರುತ್ತಿದ್ದುದು ಚೆಂಡು ನೋಡಲಿಕ್ಕಷ್ಟೇ ಅಲ್ಲ. ತಮ್ಮನ್ನು ಓದಿಸಿದ ಕಾಲೇಜಿನ ಬಣ್ಣ ತೊಟ್ಟು, ಹಳೆಯ ಗೆಳೆಯರನ್ನು ಕಾಣಲು ಬರುತ್ತಿದ್ದರು, ಮಕ್ಕಳನ್ನೂ ಕರೆತರುತ್ತಿದ್ದರು. ನೀವು ಬಾಲ್ಟಿಮೋರ್‌ನಲ್ಲಿ ನೋಡಿದ್ದು ಅವರನ್ನೇ. 1975ರಲ್ಲಿ ಮಹಿಳೆಯರ ಟೂರ್ನಿಯೂ ಸೇರಿಕೊಂಡಿತು. 2006ರಿಂದ 2020ರವರೆಗೆ ಶಾರ್ಲೆಟ್‌ನಲ್ಲಿದ್ದದ್ದು, ಕೋವಿಡ್‌ನಿಂದ ಒಂದು ವರ್ಷ ನಿಂತು, 2022ರಲ್ಲಿ ನಿಮ್ಮ ಮಗಳ ಊರಿಗೆ ಬಂತು.

ಲೀಗ್‌ನ ಮೊದಲ ಸ್ಥಾನಕ್ಕೂ ಬೆಲೆಯಿದೆ. ಆದರೆ ಎನ್‌ಸಿಎಎ ಡಿವಿಷನ್ ಎರಡರ ರಾಷ್ಟ್ರೀಯ ಟೂರ್ನಿಗೆ ಈ ಒಕ್ಕೂಟದಿಂದ ನೇರ ಪ್ರವೇಶ ಸಿಗುವುದು ಈ ಟೂರ್ನಿ ಗೆದ್ದವರಿಗೆ. ಉಳಿದವರು ಆಯ್ಕೆ ಸಮಿತಿಯ ಕರೆಗೆ ಕಾಯಬೇಕು. ಆದ್ದರಿಂದ ಮುಂದಿನ ಸಲ ಟಿಕೆಟ್ ಕೊಳ್ಳುವುದಾದರೆ ಫೈನಲ್ ಒಂದನ್ನೇ ನೋಡಿ ಬರಬೇಡಿ. ವಾರದ ಆರಂಭದ ಪಂದ್ಯಗಳಿಗೂ ಹೋಗಿ. ವರ್ಷವಿಡೀ ಸೋತ ತಂಡಕ್ಕೆ ಇನ್ನೂ ದಾರಿ ತೆರೆದಿರುವುದು ಅಲ್ಲಿ ಮಾತ್ರ. ಮೂವತ್ತೋ ನಲವತ್ತೋ ವರ್ಷ ಮಕ್ಕಳಿಗೆ ಆಟ ಕಲಿಸಿದ ನಿಮ್ಮಂಥವರಿಗೆ ಆ ಹುಡುಗರ ಓಟ ನೋಡಿದರೇ ಗೊತ್ತಾಗುತ್ತದೆ.